ಹಿಚ್‌ಕಾಕ್ ಡಿವಿಡಿ: ಸಿನಿಮಾಕ್ಕಲ್ಲ, ಬರೆದವರ ಮಾತಿಗೆ ತಗೊಳ್ಳಿ

ಮೊಬೈಲ್‌ನಲ್ಲೇ ಎಲ್ಲಾ ಸಿಗುವಾಗ ಡಿವಿಡಿ ಯಾಕೆ ಅಂತ ಕೇಳ್ತೀರಿ, ಗೊತ್ತು. ಬರೀ ಸಿನಿಮಾ ನೋಡೋದಾದರೆ ಬೇಡ, ಬಿಡಿ. ಆದರೆ ಹಿಚ್‌ಕಾಕ್ ನಿರ್ದೇಶನದ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದ 2000ನೇ ಇಸವಿಯ ಡಿವಿಡಿಯಲ್ಲಿ ಇನ್ನೊಂದು ಆಡಿಯೊ ಇದೆ. ಚಿತ್ರಕಥೆ ಬರೆದ ಅರ್ನೆಸ್ಟ್ ಲೇಮನ್ ಸಿನಿಮಾ ಓಡುವಾಗಲೇ ಅದರ ಬಗ್ಗೆ ಮಾತಾಡುತ್ತಾರೆ. ಹೀಗೆ ಮಾತಾಡಲು ಕೂರಿಸುವುದು ಹೆಚ್ಚಾಗಿ ಡೈರೆಕ್ಟರನ್ನ, ಇಲ್ಲಾ ಹೀರೋನ. ಬರೆದವರನ್ನ ಯಾರು ಕರೀತಾರೆ? ಇಲ್ಲಿ ಕರೆದಿದ್ದಾರೆ. ನಾನು ತಗೊಂಡಿದ್ದೂ ಅದಕ್ಕೇ.

ದಾವಣಗೆರೆ ಕಡೆಯವರಿಗೆ ಇದರ ಒಂದು ಸೀನ್ ಬೇರೆ ಥರಾನೇ ಕಾಣುತ್ತದೆ. ಬಟಾಬಯಲು, ನೆಟ್ಟಗೆ ಹೋಗುವ ರೋಡು, ಬಸ್ಸಿಳಿದು ಸೂಟಿನಲ್ಲಿ ನಿಂತ ಹೀರೋ ಕ್ಯಾರಿ ಗ್ರಾಂಟ್. ಎಷ್ಟೋ ಹೊತ್ತು ಏನೂ ಆಗಲ್ಲ. ಕಾರು ಬರುತ್ತದೆ, ಹೋಗುತ್ತದೆ. ಯಾರೋ ಒಬ್ಬ ಬಂದು ನಿಲ್ಲುತ್ತಾನೆ, ಬೆಳೆಯೇ ಇಲ್ಲದ ಕಡೆ ಆ ವಿಮಾನ ಔಷಧಿ ಹೊಡೀತಿದೆಯಲ್ಲ ಅಂತ ಹೇಳಿ ಬಸ್ಸು ಹತ್ತಿ ಹೋಗಿಬಿಡುತ್ತಾನೆ. ಆಮೇಲೆ ಅದೇ ವಿಮಾನ ಅಟ್ಟಿಸಿಕೊಂಡು ಬಂದಾಗ ಹೀರೋ ನುಗ್ಗುವುದು ಎಲ್ಲಿಗೆ ಅಂದುಕೊಂಡಿರಿ? ಮೆಕ್ಕೆಜೋಳದ ಹೊಲಕ್ಕೆ! ಒಣಗಿದ ಗರಿ ಕತ್ತಿಗೆ ಉಜ್ಜಿದರೆ ಹೇಗಿರುತ್ತೆ ಅಂತ ನಮ್ಮವರಿಗೆ ಹೇಳಬೇಕಾ? ಮೇಲಿಂದ ಪುಡಿ ಸುರಿಯುತ್ತದೆ, ಕೆಮ್ಮುತ್ತಾ ಮತ್ತೆ ರೋಡಿಗೇ ಬರಬೇಕು. ಮಾತು ಇಲ್ಲವೇ ಇಲ್ಲ ಅನ್ನಬಹುದು, ಆದರೂ ಇದೆಲ್ಲ ಪೇಪರಿನ ಮೇಲೆ ವಿವರವಾಗಿ ಬರೆದಿಟ್ಟಿದ್ದು. ಚಿತ್ರಕಥೆ ಅಂದರೆ ಡೈಲಾಗು ಅಂದುಕೊಂಡಿರೋ ನಮ್ಮೂರಿನ ಶಾರ್ಟ್ ಫಿಲಂ ಹುಡುಗರು ಈ ಸೀನ್ ಒಂದನ್ನ ಸೌಂಡ್ ತೆಗೆದು ನೋಡಲಿ.

ಕ್ಲೈಮ್ಯಾಕ್ಸಿನಲ್ಲಿ ರಶ್ಮೋರ್ ಬೆಟ್ಟದ (ಅಮೆರಿಕ ಅಧ್ಯಕ್ಷರ ಮುಖಗಳನ್ನ ಬಂಡೆಯಲ್ಲಿ ಕೆತ್ತಿರೋ ಬೆಟ್ಟ) ಓಟ ಮಾತ್ರ ಸ್ಟುಡಿಯೋದ ಸೆಟ್ಟು. ಆ ಮುಖಗಳ ಮೇಲೆ ಹೊಡೆದಾಟಕ್ಕೆ ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಪಕ್ಕದ ದುರ್ಗದ ಕೋಟೆಯಲ್ಲಿ ‘ನಾಗರಹಾವು’ ತೆಗೆದದ್ದನ್ನ ನೋಡಿ ಬೆಳೆದ ನಮಗೆ ಇದು ಸ್ವಲ್ಪ ಸಪ್ಪೆ, ಅಲ್ವಾ?

ಲೇಮನ್ ಬಗ್ಗೆ ಗೊತ್ತಿಲ್ಲದವರಿಗೆ: ‘ವೆಸ್ಟ್ ಸೈಡ್ ಸ್ಟೋರಿ’ (1961) ಇವರದೇ. ಆ ಸಿನಿಮಾ 11 ಆಸ್ಕರ್‌ಗೆ ನಾಮಿನೇಟ್ ಆಗಿ 10 ಗೆದ್ದಿತು, ತಪ್ಪಿದ ಆ ಒಂದು ಯಾವುದು ಅಂದರೆ ಇವರ ಚಿತ್ರಕಥೆಯದ್ದು! ‘ದಿ ಸೌಂಡ್ ಆಫ್ ಮ್ಯೂಸಿಕ್’ 5 ಆಸ್ಕರ್ ತಗೊಂಡಿತು, ಇವರ ಬರವಣಿಗೆ ನಾಮಿನೇಟೂ ಆಗಲಿಲ್ಲ. 1966ರಲ್ಲಿ ‘ಹೂಸ್ ಅಫ್ರೇಡ್ ಆಫ್ ವರ್ಜೀನಿಯಾ ವೂಲ್ಫ್’ ಬರೆದು ತಾವೇ ನಿರ್ಮಾಪಕರೂ ಆದರು, ಅದಕ್ಕೆ 13 ನಾಮಿನೇಷನ್, 5 ಪ್ರಶಸ್ತಿ, ಇವರ ಕೈಗೆ ಮತ್ತೆ ಏನೂ ಇಲ್ಲ. ‘ಹಲೋ, ಡಾಲಿ!’ಯನ್ನೂ ಬರೆದು ನಿರ್ಮಿಸಿದರು, ಖರ್ಚು ಕೈ ಮೀರಿತು. ಕೊನೆಗೆ 2001ರಲ್ಲಿ ಗೌರವ ಆಸ್ಕರ್ ಕೊಟ್ಟರು. ಬರೀ ಚಿತ್ರಕಥೆಗಾಗಿ ಆ ಗೌರವ ಸಿಕ್ಕಿದ್ದು ಇವರಿಗೇ ಮೊದಲು.

ಈಗ ಕೊರತೆ. ಅಜ್ಜ ನಡುನಡುವೆ ಸುಮ್ಮನಾಗಿಬಿಡುತ್ತಾರೆ, ಆಡಿಯೊ ಹೋಯ್ತಾ ಅಂತ ರಿಮೋಟ್ ಹುಡುಕುವ ಹಾಗಾಗುತ್ತದೆ. ಅವರ ಮಾತಿಗೆ ಸಬ್‌ಟೈಟಲ್ ಸಿಗಲಿಲ್ಲ, ಇಂಗ್ಲಿಷ್ ಕೇಳಿ ಅಭ್ಯಾಸವಿಲ್ಲದಿದ್ದರೆ ಕಷ್ಟ. ನಿರ್ಮಾಪಕರಾಗಿ ದುಡ್ಡಿನ ಲೆಕ್ಕ ಹೇಗೆ ನೋಡಿಕೊಂಡರು ಅಂತ ತಿಳಿಯಬೇಕು ಅನ್ನೋರಿಗೆ ಇದರಲ್ಲಿ ಏನೂ ಇಲ್ಲ, ಯಾಕಂದರೆ ಈ ಚಿತ್ರಕ್ಕೆ ಅವರು ಬರೀ ಬರಹಗಾರರು.

ಇನ್ನೊಂದು ವಿಷಯ. ನನಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬಂದದ್ದು ಅಮೆರಿಕದ ಡಿಸ್ಕು, ಅದು ರೀಜನ್ 1 (ಯಾವ ಕಡೆಯ ದೇಶಗಳ ಪ್ಲೇಯರ್‌ನಲ್ಲಿ ಓಡಬೇಕು ಅಂತ ಡಿಸ್ಕಿಗೆ ಹಾಕೋ ನಂಬರು). ನಮ್ಮ ಪ್ಲೇಯರ್‌ಗಳು ರೀಜನ್ 5, ಹಾಕಿದರೆ ಓಡಲ್ಲ. ಮಂಡಿಪೇಟೆ ಕಡೆ ರಿಪೇರಿಯವರೊಬ್ಬರು ‘ಇನ್ನಾ ಇದನ್ನ ಇಟ್ಕಂಡೀರೇನ್ರಿ’ ಅಂತ ನಕ್ಕು, ರಿಮೋಟ್‌ನಲ್ಲೇ ಏನೋ ನಂಬರ್ ಒತ್ತಿ ಸರಿ ಮಾಡಿಕೊಟ್ಟರು, ದುಡ್ಡೂ ತಗೊಳ್ಳಲಿಲ್ಲ. ಎಲ್ಲಾ ಪ್ಲೇಯರಿಗೂ ಹೀಗೆ ಆಗುವುದಿಲ್ಲವಂತೆ, ಅದಕ್ಕೆ ಆರ್ಡರ್ ಮಾಡೋ ಮುಂಚೆ ಡಿಸ್ಕಿನ ಡಬ್ಬಿ ಹಿಂದುಗಡೆ ಯಾವ ರೀಜನ್ ನಂಬರಿದೆ ಅಂತ ಮಾರುವವರನ್ನ ಕೇಳಿ.