ಬಾಸ್ಟನ್‌ನ ಪ್ಯೂರಿಟನ್ ವಾಕಿಂಗ್ ಟೂರ್: ಖಂಡಿತ ಹೋಗಿ, ಆದರೆ ಜಮೀನಿನ ಕತೆ ಕೇಳಿ ಪಡೆಯಿರಿ

ಬಾಸ್ಟನ್‌ನಲ್ಲಿ ಅಮೆರಿಕದ ಕ್ರಾಂತಿಯ ಕತೆ ಹೇಳುವ ಟೂರ್‌ಗಳು ಬೇಕಾದಷ್ಟಿವೆ. ಅದಕ್ಕೂ ನೂರು ವರ್ಷಕ್ಕಿಂತ ಹಿಂದೆ ಇಂಗ್ಲೆಂಡಿನಿಂದ ಬಂದು ಊರು ಕಟ್ಟಿದ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟ್ ಕ್ರೈಸ್ತರ ಬಗ್ಗೆಯೇ ಹೇಳುವಂಥದ್ದು ಕಡಿಮೆ, ಅದಕ್ಕೇ ಇದನ್ನು ಬುಕ್ ಮಾಡಿದೆ. ಗೈಡ್ ಚೆನ್ನಾಗಿ ಓದಿಕೊಂಡವರು. ಮೈಕ್ ಇಲ್ಲದಿದ್ದರೂ ಹಿಂದೆ ನಿಂತವರಿಗೆಲ್ಲ ಅವರ ಮಾತು ಕೇಳಿಸುತ್ತಿತ್ತು. ನಾಲ್ಕು ಸ್ಟಾರ್ ಕೊಡುತ್ತೇನೆ.

ನಡಿಗೆ ಶುರುವಾಗುವುದು ಊರ ನಡುವಿನ ಪಾರ್ಕ್ ಬಾಸ್ಟನ್ ಕಾಮನ್‌ನಲ್ಲಿ. 1630ರಲ್ಲಿ ಪ್ಯೂರಿಟನ್ನರು ಬರುವ ಮೊದಲೇ ವಿಲಿಯಂ ಬ್ಲಾಕ್ಸ್‌ಟನ್ ಎಂಬ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಪಾದ್ರಿ ಇಲ್ಲಿ ಮನೆ ಮಾಡಿಕೊಂಡಿದ್ದರು. ಒಳ್ಳೆ ನೀರಿದೆ ಬನ್ನಿ ಅಂತ ಪ್ಯೂರಿಟನ್ನರನ್ನು ಕರೆದವರೂ ಅವರೇ. 1634ರಲ್ಲಿ ಊರಿನವರು 30 ಪೌಂಡ್ ಕೊಟ್ಟು ಅವರ ಜಮೀನು ಕೊಂಡರು, ಅದೇ ಈಗಿನ ಕಾಮನ್. ಮುಂದಿನ ವರ್ಷ ಬ್ಲಾಕ್ಸ್‌ಟನ್ ಊರೇ ಬಿಟ್ಟು ಹೊರಟರು. ಇಂಗ್ಲೆಂಡಿನ ಬಿಷಪ್‌ಗಳ ಕೈಗೆ ಸಿಗಬಾರದು ಅಂತ ಬಂದವರಿಗೆ ಈ ಹೊಸಬರ ಕಟ್ಟುನಿಟ್ಟೂ ಬೇಡವಾಗಿತ್ತು.

ಟೂರ್‌ನ ಜೀವ ಇರುವುದು ರಸ್ತೆ ದಾಟಿದ ಮೇಲೆ, ಮ್ಯಾಸಚೂಸೆಟ್ಸ್ ರಾಜ್ಯದ ಶಾಸನಸಭೆ ಇರುವ ಸ್ಟೇಟ್ ಹೌಸ್ ಮುಂದಿನ ಎರಡು ಪ್ರತಿಮೆಗಳ ಹತ್ತಿರ. ಒಂದು ಆನ್ ಹಚಿನ್ಸನ್ ಅವರದು. ಪಾದ್ರಿಗಳ ಪ್ರವಚನದ ಬಗ್ಗೆ ಮನೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು, ಆಮೇಲಾಮೇಲೆ ಗಂಡಸರೂ ಬರತೊಡಗಿದರು. 1637ರ ವಿಚಾರಣೆಯಲ್ಲಿ ಗವರ್ನರ್ ಜಾನ್ ವಿಂತ್ರೋಪ್ ಆರೋಪ ಮಾಡುವವರೂ ಅವರೇ, ಗಡಿಪಾರಿನ ತೀರ್ಪು ಕೊಡುವವರೂ ಅವರೇ. ಮುಂದಿನ ಮಾರ್ಚ್‌ನಲ್ಲಿ ಚರ್ಚಿನಿಂದಲೂ ಹೊರಹಾಕಿದಾಗ, ತುಂಬಿದ ಸಭೆಯಲ್ಲಿ ಒಬ್ಬ ಹೆಂಗಸು ಎದ್ದು ಬಂದು ಅವರ ಕೈಹಿಡಿದು ಜೊತೆಯಲ್ಲೇ ನಡೆದು ಹೋದರು. ಆಕೆ ಮೇರಿ ಡೈಯರ್, ಇನ್ನೊಂದು ಪ್ರತಿಮೆ ಅವರದೇ. ಕೂತ ಭಂಗಿ, ಮಡಿಲಲ್ಲಿ ಸೇರಿಸಿಟ್ಟ ಕೈಗಳು, ಬಗ್ಗಿದ ತಲೆ.

ಡೈಯರ್ ಮುಂದೆ ಕ್ವೇಕರ್ ಆದರು, ಅಂದರೆ ಪಾದ್ರಿಗಳ ಹಂಗಿಲ್ಲದೆ ದೇವರನ್ನು ನೇರವಾಗಿ ಅರಿಯಬಹುದು ಅನ್ನುವ ಕ್ರೈಸ್ತ ಪಂಥ ಸೇರಿದರು. ಗಡಿಪಾರಾದ ಕ್ವೇಕರ್ ವಾಪಸ್ ಬಂದರೆ ಗಲ್ಲು ಅಂತ 1658ರಲ್ಲಿ ಮ್ಯಾಸಚೂಸೆಟ್ಸ್ ಕಾನೂನು ಮಾಡಿತ್ತು. 1659ರ ಅಕ್ಟೋಬರ್‌ನಲ್ಲಿ ಜೊತೆಗಿದ್ದ ಇಬ್ಬರು ಕ್ವೇಕರರನ್ನು ಡೈಯರ್ ಕಣ್ಣೆದುರೇ ನೇಣಿಗೆ ಹಾಕಿದರು. ಡೈಯರ್ ಕೊರಳಿಗೂ ಹಗ್ಗ ಬಿದ್ದ ಮೇಲೆ ಕ್ಷಮೆ ಅಂತ ಹೇಳಿ ಕೆಳಗಿಳಿಸಿದರು. ಮುಂದಿನ ವರ್ಷ ಮತ್ತೆ ಬಂದರು. 1660ರ ಜೂನ್ 1ರಂದು ಗಲ್ಲಾಯಿತು. ಗೈಡ್ ಇದನ್ನು ನಾಟಕ ಮಾಡದೆ, ದನಿ ಏರಿಸದೆ ಹೇಳಿದರು. ಟಿಕೆಟ್ ದುಡ್ಡು ಇಲ್ಲಿಗೇ ವಸೂಲಾಯಿತು.

ಇನ್ನು ಒಂದು ಸ್ಟಾರ್ ಯಾಕೆ ಕಡಿಮೆ ಅಂದರೆ, ಹೊರಹಾಕಿಸಿಕೊಂಡವರು ಹೋದದ್ದು ಎಲ್ಲಿಗೆ ಅನ್ನುವುದು ಟೂರ್‌ನಲ್ಲಿ ಬರುವುದೇ ಇಲ್ಲ. ಹಾಗೆ ಗಡಿಪಾರಾದ ಪಾದ್ರಿ ರೋಜರ್ ವಿಲಿಯಮ್ಸ್ 1636ರಲ್ಲಿ ಈಗಿನ ರೋಡ್ ಐಲ್ಯಾಂಡ್ ರಾಜ್ಯದಲ್ಲಿ ಪ್ರಾವಿಡೆನ್ಸ್ ಕಟ್ಟಿದರು, ಹಚಿನ್ಸನ್ ಕಡೆಯವರು 1638ರಲ್ಲಿ ಅಲ್ಲೇ ಪೋರ್ಟ್ಸ್‌ಮತ್ ಕಟ್ಟಿದರು. ಎರಡೂ ಮೂಲನಿವಾಸಿಗಳಾದ ನ್ಯಾರಗಾನ್‌ಸೆಟ್ ಜನರ ನೆಲ. ಬಾಸ್ಟನ್‌ನಲ್ಲಿ ಧರ್ಮದ ಜಗಳ ಎದ್ದಾಗಲೆಲ್ಲ ಮೂಲನಿವಾಸಿಗಳ ನೆಲದಲ್ಲಿ ಇನ್ನೊಂದು ಇಂಗ್ಲಿಷ್ ಊರು ಏಳುತ್ತಿತ್ತು. ಇದನ್ನು ಬಿಟ್ಟರೆ ಕತೆ ಅರ್ಥವಾಗುವುದು ಹೇಗೆ? ವಿಲಿಯಮ್ಸ್ ಅವರನ್ನು ಬರೀ ಧರ್ಮದ ವಿಚಾರಕ್ಕೆ ಓಡಿಸಿದರು ಅನ್ನೋ ಹಾಗೆ ಹೇಳಿ ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ. ಈ ನೆಲವನ್ನು ಕೊಡುವ ಹಕ್ಕು ಇಂಗ್ಲೆಂಡಿನ ರಾಜನಿಗಿಲ್ಲ, ಇಲ್ಲಿಯವರಿಂದಲೇ ಪಡೆಯಬೇಕು ಅಂತ ಅವರು ವಾದಿಸಿದ್ದರು. ಅದೂ ಅವರ ಮೇಲಿನ ಆರೋಪಗಳಲ್ಲಿ ಒಂದು.

ಡೀರ್ ಐಲ್ಯಾಂಡ್ ಹೆಸರೂ ಬರಲಿಲ್ಲ, ಅದು ಇದೇ ಬಂದರಿನಲ್ಲಿದೆ. 1675ರಲ್ಲಿ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ನಡೆದ ಕಿಂಗ್ ಫಿಲಿಪ್ ಯುದ್ಧದ ಹೊತ್ತಿಗೆ, ಆಗಲೇ ಕ್ರೈಸ್ತರಾಗಿದ್ದ ನೇಟಿಕ್ ಊರಿನ ಮೂಲನಿವಾಸಿಗಳನ್ನು ಅಲ್ಲಿಗೆ ಸಾಗಿಸಿದರು. ಆ ಚಳಿಗಾಲದಲ್ಲಿ ಎಷ್ಟೋ ಜನ ಹಸಿವು, ಚಳಿಯಿಂದ ಸತ್ತರು. ಪ್ಯೂರಿಟನ್ನರದೇ ದೇವರನ್ನು ನಂಬಿದವರಿಗೂ ಈ ಗತಿ ಅಂದರೆ, ಅದನ್ನು ಹೇಳಲೇಬೇಕು ಅಲ್ವಾ?

ಕೊನೆಯಲ್ಲಿ ಗೈಡ್ ಹತ್ತಿರ ಇದನ್ನೇ ಕೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು, ಬೇಜಾರಿಲ್ಲದೆ ನಿಂತು ವಿವರಿಸಿದರು. ದಾರಿ ಉದ್ದ, ಸಮಯ ಸಾಲದು ಅಂದರು. ನನ್ನ ಕೇಳಿದರೆ ಆರಂಭದ ಪರಿಚಯ ಮಾತನ್ನು ಅರ್ಧಕ್ಕೆ ಇಳಿಸಿದರೂ ಸಾಕು. ನೀವು ಹೋದರೆ ಪ್ರತಿಮೆಗಳ ಹತ್ತಿರವೇ ಈ ಪ್ರಶ್ನೆ ಕೇಳಿಬಿಡಿ, ಆಗ ಗುಂಪಿಗೆಲ್ಲ ಉತ್ತರ ಸಿಗುತ್ತದೆ. ಚಳಿಗಾಲದಲ್ಲಾದರೆ ದಪ್ಪ ಕೋಟ್ ಹಾಕಿಕೊಳ್ಳಿ, ನಿಂತು ಕೇಳುವುದೇ ಜಾಸ್ತಿ.