ಬೆಂಗಳೂರಿನ ಜಯನಗರದ ಕಡೆ ಮಗುವಿಗೆ ಪ್ಲೇ ಹೋಮ್ ಹುಡುಕುವವರಿಗೆ
ನಾವು ಮೊದಲು ನೋಡಿದ ಜಾಗದಲ್ಲಿ ಎಸಿ, ಸ್ಮಾರ್ಟ್ ಬೋರ್ಡ್, ಗೋಡೆ ತುಂಬ ಕಾರ್ಟೂನ್ ಎಲ್ಲಾ ಇತ್ತು, ಆದರೆ ಟಾಯ್ಲೆಟ್ ಮತ್ತು ಮಕ್ಕಳು ಮಲಗುವ ಕೋಣೆ ತೋರಿಸಿ ಅಂದಾಗ ಮಾತು ಬದಲಿಸಿ ಫೀಸಿನ ಹಾಳೆ ಮುಂದಿಟ್ಟರು. ಅಲ್ಲಿ ಸೇರಿಸಲಿಲ್ಲ.

ಈಗ ಎರಡು ವರ್ಷದ ಮಗಳು ಹೋಗುತ್ತಿರುವುದು ಒಂದು ಹಳೇ ಮನೆಯಲ್ಲಿ ನಡೆಯುವ ಪ್ಲೇ ಹೋಮ್‌ಗೆ. ಚಿಕ್ಕದು, ಆದರೆ ನನಗೆ ತುಂಬಾ ಇಷ್ಟವಾಗಿದೆ. ಆಯಾಗಳು ಬದಲಾಗುತ್ತಾ ಇರುವುದಿಲ್ಲ, ವರ್ಷಗಳಿಂದ ಅವರೇ ಇದ್ದಾರೆ. ಇಷ್ಟು ಪುಟ್ಟ ಮಗು ಅಳು ನಿಲ್ಲಿಸುವುದು ಪರಿಚಯದ ಮುಖ ನೋಡಿದಾಗ ತಾನೇ? ಮೊದಲ ವಾರ ನಮ್ಮನ್ನೂ ಒಳಗೆ ಕೂರಲು ಬಿಟ್ಟರು. ಮಧ್ಯಾಹ್ನ ಮೆತ್ತಗಿನ ಅನ್ನ, ಬೇಳೆ ಸಾರು, ತುಪ್ಪ. ಮರಳಲ್ಲಿ, ನೀರಲ್ಲಿ ಮನಸಾರೆ ಆಡಿಸುತ್ತಾರೆ, ಈಗಲೇ ಎಬಿಸಿಡಿ ಬರೆಸುವ ಆತುರ ಇಲ್ಲ. ಟಿವಿಯೂ ಇಲ್ಲ.

ಬೇಜಾರಿನ ವಿಷಯ ಅಂದ್ರೆ ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ, ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟಿ ಬರುವವರಿಗೆ ನಿಜಕ್ಕೂ ಕಷ್ಟ.

ಇನ್ನೊಂದು ಮಾತು. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಸೌಲಭ್ಯ ಇರಲೇಬೇಕು ಅಂತ 2017ರಲ್ಲೇ ಕಾನೂನಾಗಿದೆ, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು. ಫೀಸು ಕಟ್ಟುವ ಮೊದಲು ನಿಮ್ಮ ಆಫೀಸಿನಲ್ಲಿ ಇದನ್ನು ಕೇಳಿ. ಎಲ್ಲಿ ಸೇರಿಸಿದರೂ ಹೇಳದೆ ಒಂದು ಮಧ್ಯಾಹ್ನ ಹೋಗಿ ನೋಡಿ, ಬಿಡದಿದ್ದರೆ ಆ ಜಾಗ ಬೇಡ.