ಸಾಸೇಜಿಗಿಂತ ಅದರ ಹೊದಿಕೆ

ಬ್ರಿಟನ್ನಿನ ಲೀಡ್ಸ್‌ನಲ್ಲಿದ್ದಾಗ ಸಹೋದ್ಯೋಗಿಯೊಬ್ಬ ಕ್ರಿಸ್‌ಮಸ್ ಊಟಕ್ಕೆ ಕರೆದು, "ಪಿಗ್ಸ್ ಇನ್ ಬ್ಲಾಂಕೆಟ್ಸ್ ಇದೆ" ಅಂದ, ಅಂದರೆ ಕಂಬಳಿ ಹೊದ್ದ ಹಂದಿಗಳು. ಅಮೆರಿಕದಲ್ಲಿ ಅಣ್ಣನ ಮನೆಯಲ್ಲಿ ಅದೇ ಹೆಸರಿನದ್ದು ತಿಂದಿದ್ದೆ, ಹಿಟ್ಟು ಸುತ್ತಿ ಬೇಯಿಸಿದ ಪುಟ್ಟ ಸಾಸೇಜು. ಲೀಡ್ಸ್‌ನಲ್ಲಿ ತಟ್ಟೆಗೆ ಬಂದದ್ದು ಬೇಕನ್, ಅಂದರೆ ಉಪ್ಪು ಹಾಕಿದ ಹಂದಿ ಮಾಂಸದ ತೆಳು ಪಟ್ಟಿ, ಸುತ್ತಿದ್ದು. ಹಂದಿಗೆ ಹಂದಿಯನ್ನೇ ಹೊದಿಸಿದ್ದಾರೆ, ಹಿಟ್ಟಿನ ಸುಳಿವೇ ಇಲ್ಲ!

ಬ್ರಿಟನ್ನಿನಲ್ಲಿ ಹಿಟ್ಟಿನೊಳಗಿನದು ಬೇಕಿದ್ದರೆ ಸಾಸೇಜ್ ರೋಲ್ ಅಂತ ಕೇಳಬೇಕು. ಅದರಲ್ಲಿರುವುದು ಇಡೀ ಸಾಸೇಜಲ್ಲ, ಬಿಳಿ ಮೆಣಸು ಹಾಕಿದ ಕೀಮಾ. ಪಫ್ ಪೇಸ್ಟ್ರಿಯೊಳಗೇ ಬೇಯುವುದರಿಂದ ಕೊಬ್ಬು ಅಡಿಯ ಪದರಕ್ಕೆ ಇಳಿಯುತ್ತದೆ. ಮೇಲೆ ಗರಿಗರಿ, ಕೆಳಗೆ ಮೆತ್ತಗೆ. ನಮ್ಮ ಬೇಕರಿ ಪಫ್ಸ್ ತಿಂದವರಿಗೆ ಅಂಗಿಯ ಮೇಲೆ ಉದುರುವ ಚೂರು ಹೊಸತೇನಲ್ಲ. ಬಿಸಿಯಿದ್ದಾಗ ಬಲು ರುಚಿ, ಆರಿದರೆ ಅಂಗುಳಕ್ಕೆ ಮೇಣ ಮೆತ್ತಿದ ಹಾಗೆ. ಅಲ್ಲಿಯ ಬೇಕರಿ ಸರಪಳಿ ಗ್ರೆಗ್ಸ್‌ನವರು 2019ರ ಜನವರಿಯಲ್ಲಿ ಮಾಂಸವಿಲ್ಲದ್ದನ್ನೂ ತಂದರು. ಅದೇನೂ ಕಡಿಮೆಯಲ್ಲ, ಮೆಣಸಿನ ಘಾಟು ಅರ್ಧ ಕೆಲಸ ಮುಗಿಸಿಬಿಡುತ್ತದೆ.

ಅಣ್ಣನ ಮನೆಯದ್ದು ಸುಲಭದ ದಾರಿ. ಕ್ರೆಸೆಂಟ್ ಎಂಬ ಸಿದ್ಧ ಹಿಟ್ಟಿನ ಡಬ್ಬಿ ಸುಲಿದರೆ ಢಬ್ ಅಂತ ಬಾಯಿ ಬಿಡುತ್ತದೆ, ತ್ರಿಕೋನ ತುಂಡುಗಳಲ್ಲಿ ಕಾಕ್‌ಟೇಲ್ ಸಾಸೇಜು ಸುರುಳಿ ಸುತ್ತಿ ಓವನ್‌ಗೆ ಇಟ್ಟರಾಯಿತು. ಟಿ.ವಿ.ಯಲ್ಲಿ ಅಮೆರಿಕನ್ ಫುಟ್‌ಬಾಲಿನ ಫೈನಲ್ ಸೂಪರ್ ಬೌಲ್ ನೋಡುತ್ತಾ ಸಾಸಿವೆ ಸಾಸಿನಲ್ಲಿ ಅದ್ದಿ ಹತ್ತು ಹನ್ನೆರಡು ತಿಂದೆ. ಮಾರನೆಯ ದಿನ ರುಚಿ ಹೇಗಿತ್ತೆಂದು ನೆನಪಿಗೇ ಬರಲಿಲ್ಲ.

ಈಗ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿದ್ದೇನೆ, ಮನಸ್ಸು ಸೋತದ್ದು ಇಲ್ಲಿಯದಕ್ಕೆ. ಬೆಳಗ್ಗೆ ಡೋನಟ್ ಅಂಗಡಿಗಳಲ್ಲಿ 'ಕೊಲಾಚಿ' ಅಂತ ಮಾರುತ್ತಾರೆ. ಹೊದಿಕೆ ಪೇಸ್ಟ್ರಿಯಲ್ಲ, ಈಸ್ಟ್ ಹಾಕಿ ಉಬ್ಬಿಸಿದ, ಚೂರು ಸಿಹಿಯಿರುವ ಮೆತ್ತನೆ ಬನ್ನು. ಒಳಗೆ ಹೊಗೆ ಹಾಕಿದ ಸಾಸೇಜು, ಚೀಸ್, ಹಲಾಪಿನ್ಯೊ ಮೆಣಸಿನಕಾಯಿ. ಸಾಸೇಜಿನ ಜಿಡ್ಡನ್ನು ಬನ್ನು ಪೂರಾ ಹೀರಿರುತ್ತದೆ. ಮುರಿದರೆ ಒಳಗೋಡೆಯಲ್ಲಿ ಕಿತ್ತಳೆ ಬಣ್ಣದ ಕಲೆ. ಖಾರಕ್ಕೂ ಸಿಹಿಗೂ ಇಷ್ಟು ಹೊಂದಿಕೆಯಾದದ್ದು ಉಳಿದೆರಡರಲ್ಲಿ ಕಾಣಲಿಲ್ಲ. ಆರಿದರೂ ಕೆಡುವುದಿಲ್ಲ, ಕಾರಿನಲ್ಲಿ ಒಂದೇ ಕೈಯಲ್ಲಿ ತಿನ್ನಬಹುದು.

ಹೆಸರಿನ ತಕರಾರು ಮಾತ್ರ ಇದಕ್ಕೂ ತಪ್ಪಿಲ್ಲ. 19ನೇ ಶತಮಾನದಲ್ಲಿ ಟೆಕ್ಸಸ್‌ಗೆ ಬಂದು ನೆಲೆಸಿದ ಚೆಕ್ ಜನರಿಗೆ ಕೊಲಾಚಿ ಅಂದರೆ ನಡುವೆ ಹಣ್ಣೋ ಗಸಗಸೆಯೋ ಇಟ್ಟ ಸಿಹಿ ಬನ್ನು. ವೇಕೊ ಹತ್ತಿರದ ವೆಸ್ಟ್ ಎಂಬ ಊರಲ್ಲಿ "ಸಾಸೇಜ್ ಕೊಲಾಚಿ ಆರು ಕೊಡಿ" ಅಂದೆ. ಕೌಂಟರಿನಲ್ಲಿದ್ದ ಅಜ್ಜಿ ಪೊಟ್ಟಣ ಕಟ್ಟುತ್ತಲೇ ತಿದ್ದಿದರು: "ಅದು ಕ್ಲೊಬಾಸ್ನಿಕ್." ಹ್ಯೂಸ್ಟನ್ನಿಗೆ ಮರಳಿ ಡೋನಟ್ ಅಂಗಡಿಯಲ್ಲಿ ಅದೇ ಹೆಸರು ಹೇಳಿದೆ. ಅಂಗಡಿಯಾತ ನನ್ನ ಮುಖವನ್ನೇ ನೋಡುತ್ತಾ ನಿಂತ.